ಹೊಸ ವಿಂಡೋಸ್ ಬಂದಾಗ ಹಳೆಯ ಸಾಫ್ಟ್‌ವೇರ್‌ಗಳ ಗತಿ ಏನು?

ಪ್ರಶ್ನೆ: ನಮ್ಮ ಸಂಸ್ಥೆಯಲ್ಲಿ ಸುಮಾರು 180 ಕಂಪ್ಯೂಟರ್‌ಗಳಿವೆ, ಎಲ್ಲದರಲ್ಲೂ ವಿಂಡೋಸ್ 10. ಐಟಿ ವಿಭಾಗ ಎಂದರೆ ನಾನು ಮತ್ತು ಒಬ್ಬ ಸಹಾಯಕ. ಒಂದು ಶನಿವಾರ-ಭಾನುವಾರ ಕೂತು ಎಲ್ಲವನ್ನೂ ವಿಂಡೋಸ್ 11ಕ್ಕೆ ಬದಲಾಯಿಸಿ ಮುಗಿಸಿ ಎಂದು ಮೇಲಿನವರು ಹೇಳುತ್ತಿದ್ದಾರೆ. ನನ್ನ ಭಯ ಸಾಫ್ಟ್‌ವೇರ್‌ಗಳದ್ದು. ಲೆಕ್ಕಪತ್ರಕ್ಕೆ ವಿಷುವಲ್ ಬೇಸಿಕ್ 6ರಲ್ಲಿ ಬರೆದ ಹಳೆಯ ಪ್ರೋಗ್ರಾಂ ಇದೆ, ಬರೆದವರು ಈಗ ಸಂಪರ್ಕದಲ್ಲಿಲ್ಲ. ರಜೆ ಮತ್ತು ಹಾಜರಾತಿಯ ಒಂದು ವೆಬ್ ಅಪ್ಲಿಕೇಶನ್ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆಂದೇ ಮಾಡಿದ್ದು. ಗೋದಾಮಿನಲ್ಲಿ ತೂಕದ ಯಂತ್ರ, ಲೇಬಲ್ ಪ್ರಿಂಟರ್ ಇವೆ. ಯಾವುದು ಕೈಕೊಡುತ್ತದೆ ಎಂದು ಮೊದಲೇ ತಿಳಿಯುವುದು ಹೇಗೆ? ಕೈಕೊಟ್ಟರೆ ಏನು ಮಾಡಬೇಕು?

ಉತ್ತರ: ಮೊದಲು ಧೈರ್ಯದ ಮಾತು. ಆಪರೇಟಿಂಗ್ ಸಿಸ್ಟಂ ಬದಲಾವಣೆ ಎಂದ ಕೂಡಲೇ ನಮಗೆಲ್ಲ ಎದೆ ಧಸಕ್ಕೆನ್ನುವುದು ವಿಂಡೋಸ್ ಎಕ್ಸ್‌ಪಿಯಿಂದ ವಿಸ್ತಾಕ್ಕೆ, ಆಮೇಲೆ 7ಕ್ಕೆ ಹೋದ ಕಾಲದ ನೆನಪಿನಿಂದ. ಅಲ್ಲಿ ಬುಡವೇ ಬದಲಾಗಿತ್ತು. ಅನುಮತಿಯ ವ್ಯವಸ್ಥೆ ಬೇರೆ, ಉಪಕರಣಗಳನ್ನು ನಡೆಸುವ ಡ್ರೈವರ್‌ಗಳ ಮಾದರಿ ಬೇರೆ, ಜತೆಗೆ 32 ಬಿಟ್‌ನಿಂದ 64 ಬಿಟ್‌ಗೆ ಜಿಗಿತ. ವಿಂಡೋಸ್ 10ರಿಂದ 11ಕ್ಕೆ ಅಂಥ ಜಿಗಿತವಿಲ್ಲ. ವಿಂಡೋಸ್ 11 ಒಳಗೊಳಗೆ ಈಗಲೂ ತನ್ನನ್ನು 10.0 ಎಂದೇ ಕರೆದುಕೊಳ್ಳುತ್ತದೆ. ಹಾಗಾಗಿ ಆವೃತ್ತಿಯ ಸಂಖ್ಯೆ ನೋಡಿ ಜಗಳ ತೆಗೆಯುವ ಪ್ರೋಗ್ರಾಂಗಳೂ ಇಲ್ಲಿ ತೆಪ್ಪಗಿರುತ್ತವೆ. ಸಂಸ್ಥೆಗಳಿಗೆ ಸಾಫ್ಟ್‌ವೇರ್ ಹೊಂದಾಣಿಕೆಯಲ್ಲಿ ನೆರವಾಗುವ ತನ್ನ ಆ್ಯಪ್ ಅಶೂರ್ ಸೇವೆಯ ಅನುಭವದಲ್ಲಿ 99.7% ಅಪ್ಲಿಕೇಶನ್‌ಗಳು ಹೊಂದಿಕೊಂಡಿವೆ ಎನ್ನುತ್ತದೆ ಮೈಕ್ರೋಸಾಫ್ಟ್. ಕಂಪನಿ ತನ್ನ ಬಗ್ಗೆ ತಾನೇ ಕೊಡುವ ಅಂಕಿ ಎಂಬ ಎಚ್ಚರದಲ್ಲಿ ಓದಿದರೂ, ನಾನು ಕಂಡದ್ದೂ ಹೆಚ್ಚುಕಡಿಮೆ ಹಾಗೆಯೇ. ಬಹುಪಾಲು ಸಾಫ್ಟ್‌ವೇರ್‌ಗಳು ಏನೂ ಆಗದವರ ಹಾಗೆ ನಡೆಯುತ್ತವೆ.

ಆದರೆ ಆ ಅಂಕಿ ಪ್ರೋಗ್ರಾಂಗಳದ್ದು, ಕೆಲಸಗಳದ್ದಲ್ಲ. ಪ್ರೋಗ್ರಾಂ ತೆರೆದುಕೊಂಡಿತು ಎಂದಮಾತ್ರಕ್ಕೆ ಅದರಿಂದ ಆಗಬೇಕಾದ ಕೆಲಸ ಆಯಿತು ಎಂದಲ್ಲ. ಇದನ್ನು ನಾನು ಕಲಿತದ್ದು ಕಷ್ಟಪಟ್ಟು.

ಕೆಲವು ವರ್ಷಗಳ ಹಿಂದೆ ಒಂದು ಕಚೇರಿಯಲ್ಲಿ ವಿಂಡೋಸ್ 7ರ ಯಂತ್ರಗಳನ್ನು ತೆಗೆದು ವಿಂಡೋಸ್ 10ರ ಹೊಸ ಯಂತ್ರಗಳನ್ನು ಇಡುವ ಕೆಲಸದಲ್ಲಿದ್ದೆ. ದಾಸ್ತಾನು ಬರೆದುಕೊಳ್ಳುವ ಒಂದು ಸಣ್ಣ ಹಳೆಯ ಪ್ರೋಗ್ರಾಂ ಇತ್ತು. ಪ್ರೋಗ್ರಾಂ ಫೈಲ್ಸ್ ಒಳಗಿದ್ದ ಅದರ ಫೋಲ್ಡರನ್ನು ಹಾಗೆಹಾಗೇ ನಕಲು ಮಾಡಿ ಹೊಸ ಯಂತ್ರಕ್ಕೆ ಹಾಕಿದೆವು. ತೆರೆಯಿತು, ಲಾಗಿನ್ ಆಯಿತು, ಸರಕಿನ ಪಟ್ಟಿ ಬಂತು. ಸರಿಯಿದೆ ಎಂದು ಗುರುತು ಹಾಕಿ ಮುಂದಿನ ಯಂತ್ರಕ್ಕೆ ಹೋದೆವು. ಮರುದಿನ ಬೆಳಿಗ್ಗೆ ದಾಸ್ತಾನು ನೋಡಿಕೊಳ್ಳುವವರು ಬಂದು ಕೂತರು. ಎರಡು ನಿಮಿಷ ಪರದೆ ನೋಡಿ, "ಸಾರ್, ಇದರಲ್ಲಿ ಕೊನೆಯ ಎಂಟ್ರಿ ನಾಲ್ಕು ವರ್ಷದ ಹಿಂದಿನದು" ಅಂದರು. ಹಳೆಯ ಯಂತ್ರದ ಡಿಸ್ಕನ್ನು ಫಾರ್ಮ್ಯಾಟ್ ಮಾಡುವ ಸರದಿ ಅದೇ ಮಧ್ಯಾಹ್ನಕ್ಕಿತ್ತು.

ಆದದ್ದು ಇಷ್ಟು. ವಿಸ್ತಾದಿಂದೀಚೆಗೆ ಸಾಮಾನ್ಯ ಬಳಕೆದಾರರು ಪ್ರೋಗ್ರಾಂ ಫೈಲ್ಸ್ ಫೋಲ್ಡರಿನಲ್ಲಿ ಬರೆಯುವಂತಿಲ್ಲ. ಎಕ್ಸ್‌ಪಿ ಕಾಲದ ಪ್ರೋಗ್ರಾಂಗಳಿಗೆ ಇದು ಗೊತ್ತಿಲ್ಲ, ತಮ್ಮ ಡೇಟಾ ಫೈಲನ್ನು ಅಲ್ಲೇ ಇಟ್ಟುಕೊಳ್ಳುತ್ತವೆ. ಅವು ಮುರಿದು ಬೀಳದಿರಲಿ ಎಂದು ವಿಂಡೋಸ್ ಒಂದು ಉಪಾಯ ಮಾಡಿತು. ಅಂಥ 32 ಬಿಟ್ ಪ್ರೋಗ್ರಾಂ ಅಲ್ಲಿ ಬರೆಯಲು ಹೋದರೆ, ಸದ್ದಿಲ್ಲದೆ ಆ ಫೈಲಿನ ನಕಲೊಂದನ್ನು ಬಳಕೆದಾರರ ಸ್ವಂತ ಫೋಲ್ಡರಿನೊಳಗೆ, ಆ್ಯಪ್‌ಡೇಟಾ, ಲೋಕಲ್, ಅದರೊಳಗೆ ವರ್ಚುವಲ್‌ಸ್ಟೋರ್ ಎಂಬಲ್ಲಿ ಇಟ್ಟು ಮುಂದಿನ ಬರವಣಿಗೆಯನ್ನೆಲ್ಲ ಅಲ್ಲಿಗೇ ತಿರುಗಿಸುತ್ತದೆ. ಪ್ರೋಗ್ರಾಂಗೂ ತಿಳಿಯದು, ಬಳಸುವವರಿಗೂ ತಿಳಿಯದು. ನಾವು ನಕಲು ಮಾಡಿದ್ದು ನಾಲ್ಕು ವರ್ಷದ ಹಿಂದೆ ನಿಂತುಹೋಗಿದ್ದ ಮೂಲ ಫೈಲನ್ನು. ಜೀವಂತ ಲೆಕ್ಕವೆಲ್ಲ ಆ ಮೂಲೆಯ ಫೋಲ್ಡರಿನಲ್ಲಿತ್ತು. ಡಿಸ್ಕ್ ಇನ್ನೂ ಉಳಿದಿದ್ದರಿಂದ ಬದುಕಿದೆವು. ಈ ವ್ಯವಸ್ಥೆ ವಿಂಡೋಸ್ 11ರಲ್ಲೂ ಹಾಗೇ ಇದೆ. ನಿಮ್ಮ ಲೆಕ್ಕಪತ್ರದ ಪ್ರೋಗ್ರಾಂನ ವಯಸ್ಸು ನೋಡಿದರೆ ಈ ಮಾತು ನಿಮಗೆ ನೇರವಾಗಿ ಸೇರಿದ್ದು.

ಹಾಗಾಗಿ ಪಟ್ಟಿ ಮಾಡುವುದರಿಂದ ಶುರುಮಾಡಿ, ಆದರೆ ಆ ಪಟ್ಟಿಯ ಪ್ರತಿ ಸಾಲೂ ಒಂದು ಕೆಲಸವಾಗಿರಲಿ. "ಸಂಬಳದ ಪ್ರೋಗ್ರಾಂ" ಎಂದು ಬರೆದರೆ ಪರೀಕ್ಷೆ ಮಾಡುವವರು ಅದನ್ನು ತೆರೆದು ಮುಚ್ಚುತ್ತಾರೆ. "ತಿಂಗಳ ಕೊನೆಯಲ್ಲಿ ಸಂಬಳದ ಪಟ್ಟಿ ತೆಗೆದು, ಎಕ್ಸೆಲ್‌ಗೆ ಕಳಿಸಿ, ಬ್ಯಾಂಕಿಗೆ ಕೊಡುವ ಫೈಲ್ ಮಾಡುವುದು" ಎಂದು ಬರೆದರೆ ಎಲ್ಲೆಲ್ಲಿ ಮುರಿಯಬಹುದು ಎಂಬುದು ಆ ಸಾಲಿನಲ್ಲೇ ಕಾಣುತ್ತದೆ.

ಯಂತ್ರಗಳಿಂದ ಪಟ್ಟಿ ತೆಗೆಯಲು ನಿಮ್ಮಲ್ಲಿ ಇನ್‌ಟ್ಯೂನ್ (ಯಂತ್ರಗಳನ್ನು ಒಂದೆಡೆಯಿಂದ ನಿರ್ವಹಿಸುವ ಮೈಕ್ರೋಸಾಫ್ಟ್ ಸೇವೆ) ಅಥವಾ ಬೇರೆ ಇನ್ವೆಂಟರಿ ಸಾಧನವಿದ್ದರೆ ಅದು ಸಾಕು. ಇಲ್ಲದಿದ್ದರೆ ಒಂದು ಪವರ್‌ಶೆಲ್ ಸ್ಕ್ರಿಪ್ಟ್ ಬರೆದು ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ರಿಜಿಸ್ಟ್ರಿಯಲ್ಲಿ ಅನ್‌ಇನ್‌ಸ್ಟಾಲ್ ಕೀಗಳನ್ನು ಓದಿ. 64 ಬಿಟ್‌ನದು ಒಂದು ಕಡೆ, 32 ಬಿಟ್‌ನದು ಇನ್ನೊಂದು ಕಡೆ, ಬಳಕೆದಾರರು ತಮ್ಮ ಮಟ್ಟಿಗೆ ಹಾಕಿಕೊಂಡದ್ದು ಮತ್ತೊಂದು ಕಡೆ ಇರುತ್ತವೆ. ಮೂರನ್ನೂ ನೋಡಬೇಕು. ಅಂತರ್ಜಾಲದಲ್ಲಿ ಸಿಗುವ ಬಹಳಷ್ಟು ಸ್ಕ್ರಿಪ್ಟ್‌ಗಳು 'ವಿನ್32 ಪ್ರಾಡಕ್ಟ್' ಎಂಬ ಡಬ್ಲ್ಯುಎಂಐ ಕ್ಲಾಸ್ ಬಳಸುತ್ತವೆ (ಡಬ್ಲ್ಯುಎಂಐ ಎಂದರೆ ಯಂತ್ರದ ಮಾಹಿತಿ ಕೇಳಲು ವಿಂಡೋಸ್‌ನಲ್ಲಿರುವ ವ್ಯವಸ್ಥೆ). ಅದನ್ನು ಮಾತ್ರ ಮುಟ್ಟಬೇಡಿ. ಅದು ಬರೀ ಓದುವುದಿಲ್ಲ. ವಿಂಡೋಸ್‌ನ ಎಂಎಸ್‌ಐ ಇನ್‌ಸ್ಟಾಲರ್ ಮೂಲಕ ಹಾಕಿದ ಪ್ರತಿಯೊಂದು ಸಾಫ್ಟ್‌ವೇರನ್ನೂ ಸರಿಯಿದೆಯೇ ಎಂದು ತಡಕಾಡಿ, ಸರಿಯಿಲ್ಲ ಅನ್ನಿಸಿದ್ದನ್ನು ರಿಪೇರಿ ಮಾಡಲು ಹೊರಡುತ್ತದೆ. ಪಟ್ಟಿ ಮಾಡಲು ಹೋಗಿ ಯಾರೋ ಕೈಯಾರೆ ತಿದ್ದಿಟ್ಟಿದ್ದ ಸೆಟ್ಟಿಂಗ್ ಅಳಿಸಿಹೋದರೆ ಅದಕ್ಕಿಂತ ಬೇಸರದ ಸಂಗತಿ ಇನ್ನೊಂದಿಲ್ಲ.

ಯಂತ್ರ ಹೇಳದ ಸಂಗತಿಗಳೂ ಇವೆ. ಸರ್ವರಿನ ಹಂಚಿದ ಫೋಲ್ಡರಿನಿಂದ ನೇರವಾಗಿ ಓಡುವ ಪ್ರೋಗ್ರಾಂ ಯಾವ ಯಂತ್ರದ ಪಟ್ಟಿಯಲ್ಲೂ ಬರುವುದಿಲ್ಲ. ಯಾರೋ ಬರೆದಿಟ್ಟ ಮ್ಯಾಕ್ರೋ ತುಂಬಿದ ಎಕ್ಸೆಲ್ ಫೈಲ್, ಆ್ಯಕ್ಸೆಸ್ ಡೇಟಾಬೇಸ್, ರಾತ್ರಿ ಓಡುವ ಶೆಡ್ಯೂಲ್ಡ್ ಟಾಸ್ಕ್, ವಿಬಿಸ್ಕ್ರಿಪ್ಟ್ ಎಂಬ ಹಳೆಯ ಸ್ಕ್ರಿಪ್ಟ್ ಭಾಷೆಯಲ್ಲಿ ಬರೆದ ಲಾಗಿನ್ ಸ್ಕ್ರಿಪ್ಟ್, ಇವೆಲ್ಲವೂ ಸಾಫ್ಟ್‌ವೇರ್‌ಗಳೇ. ಅಂದಹಾಗೆ ವಿಬಿಸ್ಕ್ರಿಪ್ಟ್‌ಗೆ ಮೈಕ್ರೋಸಾಫ್ಟ್ ವಿದಾಯ ಹೇಳುತ್ತಿದೆ. ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ಅದು ಬೇಕಾದರೆ ಇಟ್ಟುಕೊಳ್ಳುವ ಐಚ್ಛಿಕ ಭಾಗವಾಗಿದೆ. ಸದ್ಯಕ್ಕೆ ಮೊದಲಿನಿಂದಲೇ ಆನ್ ಆಗಿರುವುದರಿಂದ ಇಂದೇ ಏನೂ ನಿಲ್ಲದು. ಆದರೆ ಎಲ್ಲೆಲ್ಲಿ ಬಳಸುತ್ತಿದ್ದೀರಿ ಎಂದು ಇದೇ ಪಟ್ಟಿಯಲ್ಲಿ ಬರೆದಿಟ್ಟರೆ ಮುಂದೆ ಕೆಲಸಕ್ಕೆ ಬರುತ್ತದೆ.

ಇವನ್ನೆಲ್ಲ ತಿಳಿಯುವ ದಾರಿ ಒಂದೇ, ಜನರ ಪಕ್ಕ ಕುರ್ಚಿ ಹಾಕಿಕೊಂಡು ಕೂರುವುದು. ಪ್ರತಿ ವಿಭಾಗದಲ್ಲೂ ಅರ್ಧ ಗಂಟೆ. "ಯಾವ ಸಾಫ್ಟ್‌ವೇರ್ ಬಳಸುತ್ತೀರಿ?" ಎಂದು ಕೇಳಿದರೆ ವರ್ಡ್, ಎಕ್ಸೆಲ್ ಎನ್ನುತ್ತಾರೆ, ಮಾತು ಮುಗಿಯುತ್ತದೆ. "ಬೆಳಿಗ್ಗೆ ಬಂದು ಮೊದಲು ಏನು ತೆರೆಯುತ್ತೀರಿ? ತಿಂಗಳ ಕೊನೆಗೆ ಮಾತ್ರ ಮಾಡುವುದೇನು? ವರ್ಷಕ್ಕೊಮ್ಮೆ ಮಾಡುವುದೇನು? ನೀವು ರಜೆ ಹಾಕಿದರೆ ಯಾವ ಕೆಲಸ ನಿಲ್ಲುತ್ತದೆ?" ಎಂದು ಕೇಳಿ. ವರ್ಷಕ್ಕೊಮ್ಮೆಯ ಪ್ರಶ್ನೆಯನ್ನು ಮರೆಯಲೇಬೇಡಿ. ಒಂದು ತಿಂಗಳ ಬಳಕೆಯ ಲೆಕ್ಕ ಹಿಡಿದು "ಇದನ್ನು ಯಾರೂ ತೆರೆದೇ ಇಲ್ಲ" ಎಂದು ತೆಗೆದುಹಾಕಿದ ಪ್ರೋಗ್ರಾಂ ವರ್ಷದ ಕೊನೆಯ ಲೆಕ್ಕ ತಪಾಸಣೆಗೆ ಬೇಕಾಗಿದ್ದ ಒಂದೇ ಪ್ರೋಗ್ರಾಂ ಆಗಿರಬಹುದು.

ಪಟ್ಟಿ ಕೈಗೆ ಬಂದಮೇಲೆ ಎಲ್ಲವನ್ನೂ ಸಮನಾಗಿ ಪರೀಕ್ಷಿಸಲು ಹೋಗಬೇಡಿ, ಇಬ್ಬರ ಕೈಲಿ ಆಗದ ಮಾತು. ಬ್ರೌಸರ್, ಪಿಡಿಎಫ್ ಓದುವ ಸಾಧನ, ವಿಡಿಯೊ ಸಭೆಯ ಆ್ಯಪ್ ಮುಂತಾದ ಜಗತ್ತೆಲ್ಲ ಬಳಸುವ ಸಾಫ್ಟ್‌ವೇರ್‌ಗಳಿಗೆ ತಯಾರಕರ ಮಾತನ್ನು ನಂಬಿ, ಇತ್ತೀಚಿನ ಆವೃತ್ತಿ ಹಾಕಿ, ಮುಂದೆ ಹೋಗಿ. ಸಮಯವನ್ನೆಲ್ಲ ಮೂರು ಬಗೆಯವುಗಳ ಮೇಲೆ ಸುರಿಯಿರಿ: ನಿಮಗಾಗಿಯೇ ಬರೆಸಿಕೊಂಡದ್ದು, ಯಾವುದಾದರೂ ಉಪಕರಣದ ಜತೆ ಮಾತಾಡುವಂಥದ್ದು, ವಿಂಡೋಸ್‌ನ ಕೆಳಪದರಕ್ಕೆ ಕೈಹಾಕುವಂಥದ್ದು. ಆಂಟಿವೈರಸ್, ವಿಪಿಎನ್, ಡಿಸ್ಕ್ ಎನ್‌ಕ್ರಿಪ್ಶನ್, ಲೈಸೆನ್ಸ್ ಡಾಂಗಲ್‌ನ (ಸಾಫ್ಟ್‌ವೇರ್ ಓಡಲು ಯಂತ್ರಕ್ಕೆ ಚುಚ್ಚಿಡುವ ಸಣ್ಣ ಕೀಲಿ) ಡ್ರೈವರ್ ಮೂರನೆಯ ಗುಂಪಿನವು. ವಿಂಡೋಸ್ ಸೆಟಪ್‌ಗೆ ಅಪ್‌ಗ್ರೇಡ್ ಮಾಡದೆ ಹೊಂದಾಣಿಕೆ ಮಾತ್ರ ನೋಡು ಎಂದು ಹೇಳುವ ಸ್ಕ್ಯಾನ್ ಓನ್ಲಿ ಸ್ವಿಚ್ ಇದೆ. ಅದನ್ನು ಎಲ್ಲ ಯಂತ್ರಗಳಲ್ಲೂ ಓಡಿಸಿದರೆ ಈ ಮೂರನೆಯ ಗುಂಪಿನ ಎಷ್ಟೋ ತೊಡಕುಗಳು ಕೂತಲ್ಲೇ ಗೊತ್ತಾಗುತ್ತವೆ. ಆದರೆ ನಿಮಗಾಗಿ ಬರೆಸಿಕೊಂಡ ಪ್ರೋಗ್ರಾಂ ಬಗ್ಗೆ ಅದಕ್ಕೇನೂ ತಿಳಿಯದು.

ಈಗ ನಿಮ್ಮ ಲೆಕ್ಕಪತ್ರದ ಪ್ರೋಗ್ರಾಂ. ವಿಷುವಲ್ ಬೇಸಿಕ್ 6 ಎಂದ ಕೂಡಲೇ ಕೈಬಿಡಬೇಕಿಲ್ಲ. ಆ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವ ಸಾಧನಕ್ಕೆ ಬೆಂಬಲ 2008ರಲ್ಲೇ ನಿಂತಿತು. ಆದರೆ ಬರೆದ ಪ್ರೋಗ್ರಾಂ ಓಡಲು ಬೇಕಾದ ರನ್‌ಟೈಮ್ ವಿಂಡೋಸ್ 11ರ ಜತೆಗೇ ಬರುತ್ತದೆ, ಅದಕ್ಕೆ ಬೆಂಬಲವೂ ಇದೆ. ಎಡವಟ್ಟಾಗುವುದು ಅದರ ಸುತ್ತಮುತ್ತ. ಪರದೆಯ ಮೇಲಿನ ಪಟ್ಟಿ, ಕ್ಯಾಲೆಂಡರ್, ಸೀರಿಯಲ್ ಪೋರ್ಟ್ ಇತ್ಯಾದಿಗೆ ಇಂಥ ಪ್ರೋಗ್ರಾಂಗಳು ಒಸಿಎಕ್ಸ್ ಎಂಬ ಸಿದ್ಧ ಭಾಗಗಳ ಫೈಲ್‌ಗಳನ್ನು ಬಳಸುತ್ತವೆ, ಅವೆಲ್ಲವೂ ವಿಂಡೋಸ್ ಜತೆ ಬರುವುದಿಲ್ಲ. ಹಳೆಯ ಯಂತ್ರದಿಂದ ತಂದು ನೋಂದಾಯಿಸಬೇಕು. 64 ಬಿಟ್ ವಿಂಡೋಸ್‌ನಲ್ಲಿ 32 ಬಿಟ್ ಫೈಲ್‌ಗಳ ಮನೆ ಸಿಸ್‌ವಾವ್64 ಎಂಬ ಫೋಲ್ಡರ್, 64 ಬಿಟ್ ಫೈಲ್‌ಗಳ ಮನೆ ಸಿಸ್ಟಂ32. ಹೆಸರುಗಳು ತಿರುವುಮುರುವಾಗಿವೆ, ಬರೆದಿಟ್ಟುಕೊಳ್ಳಿ. ಡೇಟಾಬೇಸ್‌ಗೆ ಓಡಿಬಿಸಿ ಎಂಬ ಸಂಪರ್ಕ ವ್ಯವಸ್ಥೆಯ ಮೂಲಕ ಹೋಗುತ್ತಿದ್ದರೆ ಅಲ್ಲೂ ಇದೇ ಕಥೆ. ವಿಂಡೋಸ್‌ನಲ್ಲಿ ಓಡಿಬಿಸಿ ಸೆಟ್ಟಿಂಗ್‌ನ ಎರಡು ಕಿಟಕಿಗಳಿವೆ. ನಿಮ್ಮ 32 ಬಿಟ್ ಪ್ರೋಗ್ರಾಂಗೆ ಕಾಣಬೇಕಾದ ಸಿಸ್ಟಂ ಡಿಎಸ್‌ಎನ್ (ಡೇಟಾಬೇಸ್ ಎಲ್ಲಿದೆ ಎಂಬ ನಮೂದು) ಅನ್ನು 32 ಬಿಟ್ ಕಿಟಕಿಯಲ್ಲೇ ಮಾಡಬೇಕು. ಇನ್ನೊಂದರಲ್ಲಿ ಮಾಡಿ, ಟೆಸ್ಟ್ ಕನೆಕ್ಷನ್ ಒತ್ತಿ, ಯಶಸ್ವಿ ಎಂದು ಬಂದರೂ ಪ್ರೋಗ್ರಾಂ ಮಾತ್ರ "ಡೇಟಾ ಸೋರ್ಸ್ ಸಿಗಲಿಲ್ಲ" ಎನ್ನುತ್ತದೆ. ಇಡೀ ಮಧ್ಯಾಹ್ನ ಹಾಳಾಗಲು ಇಷ್ಟು ಸಾಕು.

ಇವೆಲ್ಲ ಕಣ್ಣಿಗೆ ಕಾಣುವ ತಪ್ಪುಗಳು. ನಾನು ನಿಜವಾಗಿ ಹೆದರುವುದು ಕಾಣದ ತಪ್ಪಿಗೆ. ಹೊಸದಾಗಿ ಹಾಕಿದ ವಿಂಡೋಸ್‌ನಲ್ಲಿ ರೀಜನ್ ಸೆಟ್ಟಿಂಗ್ ಬದಲಾಗಿ ದಿನಾಂಕದಲ್ಲಿ ತಿಂಗಳು ಮೊದಲು, ದಿನ ಆಮೇಲೆ ಎಂದಾಗಿದ್ದರೆ, ವಿಷುವಲ್ ಬೇಸಿಕ್ 6ರ ಪ್ರೋಗ್ರಾಂ 05/04 ಎಂಬುದನ್ನು ಏಪ್ರಿಲ್ 5ರ ಬದಲು ಮೇ 4 ಎಂದು ಓದಬಹುದು. 13/04 ಎಂದು ಹಾಕಿದರೆ ಹದಿಮೂರನೆಯ ತಿಂಗಳು ಇಲ್ಲವಲ್ಲ, ಆಗ ಅದು ತಾನೇ ತಿರುಗಿಸಿ ಏಪ್ರಿಲ್ 13 ಎಂದು ಸರಿಯಾಗಿ ತೆಗೆದುಕೊಳ್ಳುತ್ತದೆ. ಅಂದರೆ ತಿಂಗಳ ಮೊದಲ ಹನ್ನೆರಡು ದಿನಗಳ ನಮೂದುಗಳು ಮಾತ್ರ ಕೆಡುತ್ತವೆ, ಉಳಿದವು ಸರಿಯಿರುತ್ತವೆ. ತಪ್ಪು ಸಂದೇಶ ಬರುವುದಿಲ್ಲ, ಏನೂ ನಿಲ್ಲುವುದಿಲ್ಲ. ನೀವು ತಿಂಗಳ ಇಪ್ಪತ್ತನೇ ತಾರೀಖು ಪರೀಕ್ಷೆ ಮಾಡಿದರೆ ಎಲ್ಲವೂ ಚೆನ್ನಾಗಿದೆ ಎಂದೇ ಕಾಣುತ್ತದೆ. ಆದ್ದರಿಂದ ಪರೀಕ್ಷೆಯಲ್ಲಿ ಬೇಕೆಂದೇ 12ರ ಒಳಗಿನ ಒಂದು ದಿನಾಂಕ ಹಾಕಿ, ಉಳಿಸಿ, ವರದಿ ತೆಗೆದು ನೋಡಿ. ಹಳೆಯ ಯಂತ್ರದಲ್ಲೂ ಹೊಸ ಯಂತ್ರದಲ್ಲೂ ಒಂದೇ ತಿಂಗಳ ವರದಿ ಮುದ್ರಿಸಿ ಪಕ್ಕಪಕ್ಕ ಇಟ್ಟು ಒಟ್ಟು ಮೊತ್ತ ಹೋಲಿಸುವುದು ನನಗೆ ಗೊತ್ತಿರುವ ಅತ್ಯುತ್ತಮ ಪರೀಕ್ಷೆ. ಇದನ್ನು ನೀವು ಮಾಡಬೇಡಿ, ಲೆಕ್ಕದವರಿಂದಲೇ ಮಾಡಿಸಿ. ಸಂಖ್ಯೆ ತಪ್ಪಿದರೆ ಅವರ ಕಣ್ಣಿಗೆ ಬೀಳುವಂತೆ ನಮ್ಮ ಕಣ್ಣಿಗೆ ಬೀಳದು.

ಇಂಟರ್ನೆಟ್ ಎಕ್ಸ್‌ಪ್ಲೋರರ್‌ನ ವಿಷಯ ಇಷ್ಟು ಕಷ್ಟದ್ದಲ್ಲ. ವಿಂಡೋಸ್ 11ರಲ್ಲಿ ಆ ಬ್ರೌಸರ್ ಇಲ್ಲ, ವಿಂಡೋಸ್ 10ರಲ್ಲೂ ಅದು 2022ರ ಜೂನ್ 15ಕ್ಕೆ ನಿವೃತ್ತವಾಯಿತು. ಆದರೆ ಎಡ್ಜ್ ಬ್ರೌಸರಿನೊಳಗೆ ಹಳೆಯ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಂತೆಯೇ ಪುಟ ತೆರೆಯುವ ಐಇ ಮೋಡ್ ಇದೆ, ಕನಿಷ್ಠ 2029ರವರೆಗೆ ಇರುತ್ತದೆ ಎಂದು ಮೈಕ್ರೋಸಾಫ್ಟ್ ಹೇಳಿದೆ. ಹಳೆಯ ವೆಬ್ ಪುಟಗಳೊಳಗೆ ಓಡುವ ಆ್ಯಕ್ಟಿವ್‌ಎಕ್ಸ್ ಭಾಗಗಳೂ ಅದರಲ್ಲಿ ನಡೆಯುತ್ತವೆ. ಯಾವ ವಿಳಾಸಗಳನ್ನು ಐಇ ಮೋಡ್‌ನಲ್ಲಿ ತೆರೆಯಬೇಕು ಎಂಬ ಪಟ್ಟಿಯನ್ನು ಒಂದು ಎಕ್ಸ್‌ಎಂಎಲ್ ಫೈಲಿನಲ್ಲಿ ಬರೆದು ಗ್ರೂಪ್ ಪಾಲಿಸಿಯಿಂದ (ಎಲ್ಲ ಯಂತ್ರಗಳ ಸೆಟ್ಟಿಂಗ್ ಒಂದೆಡೆಯಿಂದ ಇಡುವ ವ್ಯವಸ್ಥೆ) ಎಲ್ಲರಿಗೂ ತಲುಪಿಸಿದರೆ ಬಳಕೆದಾರರು ಏನನ್ನೂ ಕಲಿಯಬೇಕಿಲ್ಲ. ಎಡವುವ ಜಾಗ ಲಾಗಿನ್. ಅಪ್ಲಿಕೇಶನ್ ಒಂದು ವಿಳಾಸದಲ್ಲಿದ್ದು ಲಾಗಿನ್ ಪುಟ ಬೇರೆ ವಿಳಾಸದಲ್ಲಿದ್ದರೆ, ಹೋಗಿಬರುವಾಗ ಮೋಡ್ ಬದಲಾಗಿ ಲಾಗಿನ್ ಮರೆತುಹೋಗುತ್ತದೆ, ಪುಟ ಮತ್ತೆಮತ್ತೆ ಪಾಸ್‌ವರ್ಡ್ ಕೇಳುತ್ತದೆ. ಆ ಲಾಗಿನ್ ವಿಳಾಸವನ್ನು ಪಟ್ಟಿಯಲ್ಲಿ ನ್ಯೂಟ್ರಲ್ ಸೈಟ್ ಎಂದು ಗುರುತಿಸಿದರೆ ಸರಿಹೋಗುತ್ತದೆ. ಅಪ್ಲಿಕೇಶನ್ ಹೊಸದಾಗಿ ಬರೆಸಬೇಕು ಎಂಬ ಕೂಗಿಗೆ ಇದರಿಂದ ಸ್ವಲ್ಪ ಸಮಯ ಸಿಗುತ್ತದೆ. ಹೊಸದನ್ನು ಬರೆಸುವುದು ಮಾತ್ರ ತಪ್ಪಿದ್ದಲ್ಲ.

ಗೋದಾಮಿಗೆ ನೀವೇ ಹೋಗಬೇಕು. ತೂಕದ ಯಂತ್ರ ಬಹುಶಃ ಯುಎಸ್‌ಬಿ-ಸೀರಿಯಲ್ ಕೇಬಲ್ ಮೂಲಕ ಕೂತಿರುತ್ತದೆ. ಹೊಸ ವಿಂಡೋಸ್‌ನಲ್ಲಿ ಆ ಕೇಬಲ್‌ಗೆ ಸಿಗುವ ಕಾಮ್ ಪೋರ್ಟ್ ಸಂಖ್ಯೆ ಬೇರೆಯಾಗಬಹುದು. ಮೊದಲು 3 ಇದ್ದದ್ದು ಈಗ 7. ಹಳೆಯ ಪ್ರೋಗ್ರಾಂಗಳಲ್ಲಿ ಕೆಲವು 1ರಿಂದ 4ರವರೆಗೆ ಮಾತ್ರ ನೋಡುತ್ತವೆ. ಡಿವೈಸ್ ಮ್ಯಾನೇಜರಿನಲ್ಲಿ ಆ ಸಂಖ್ಯೆಯನ್ನು ಮೊದಲಿನದಕ್ಕೇ ಬದಲಾಯಿಸಬಹುದು, ಡೇಟಾ ಸಾಗುವ ವೇಗವಾದ ಬಾಡ್ ರೇಟನ್ನೂ ಹಳೆಯ ಯಂತ್ರದಿಂದ ನೋಡಿ ಬರೆದುಕೊಳ್ಳಿ. ಕೆಲವು ಹಳೆಯ ಕೇಬಲ್‌ಗಳ ಚಿಪ್‌ಗೆ ಹೊಸ ವಿಂಡೋಸ್‌ನಲ್ಲಿ ಡ್ರೈವರ್ರೇ ಇರುವುದಿಲ್ಲ, ಆಗ ತಲೆ ಕೆಡಿಸಿಕೊಳ್ಳದೆ ಕೇಬಲ್ ಬದಲಾಯಿಸಿ. ಲೇಬಲ್ ಪ್ರಿಂಟರಿನಲ್ಲಿ ಟೆಸ್ಟ್ ಪೇಜ್ ಬಂದರೆ ಅಲ್ಲಿಗೆ ನಿಲ್ಲಿಸಬೇಡಿ. ನಿಜವಾದ ಲೇಬಲ್ ಮುದ್ರಿಸಿ, ಬಾರ್‌ಕೋಡ್ ಸ್ಕ್ಯಾನರಿನಿಂದ ಓದಿಸಿ. ಹೊಸ ಡ್ರೈವರ್ ಕಾಗದದ ಅಳತೆಯನ್ನು ಒಂದೆರಡು ಮಿಲಿಮೀಟರ್ ಬೇರೆಯಾಗಿ ತೆಗೆದುಕೊಂಡರೆ ಬಾರ್‌ಕೋಡ್‌ನ ಅಂಚು ಕತ್ತರಿಸಿಹೋಗುತ್ತದೆ. ಕಣ್ಣಿಗೆ ಚೆನ್ನಾಗಿ ಕಾಣುತ್ತದೆ, ಸ್ಕ್ಯಾನರ್ ಮಾತ್ರ ಓದುವುದಿಲ್ಲ.

ಹೊಸ ಆವೃತ್ತಿಗಳಲ್ಲಿ ಭದ್ರತೆಗೆಂದು ಬದಲಾದ ಕೆಲವು ಮೂಲ ಸೆಟ್ಟಿಂಗ್‌ಗಳೂ ಅಡ್ಡ ಬರುತ್ತವೆ. 24ಎಚ್2ರಿಂದ ಪ್ರೋ ಮತ್ತು ಎಂಟರ್‌ಪ್ರೈಸ್‌ನಲ್ಲಿ ನೆಟ್‌ವರ್ಕ್‌ನಲ್ಲಿ ಫೋಲ್ಡರ್ ಹಂಚುವ ಎಸ್‌ಎಂಬಿ ಸಂಪರ್ಕಕ್ಕೆ ಡಿಜಿಟಲ್ ಸಹಿ ಕಡ್ಡಾಯವಾಗಿದೆ. ಪಾಸ್‌ವರ್ಡ್ ಇಲ್ಲದೆ ಅತಿಥಿಯಾಗಿ ಒಳಬರುವುದೂ ಮುಚ್ಚಿದೆ. ಎಲ್ಲರೂ ಫೈಲ್ ಇಡುವ, ಮೂಲೆಯಲ್ಲಿರುವ ಹಳೆಯ ನ್ಯಾಸ್ ಪೆಟ್ಟಿಗೆ, ಸ್ಕ್ಯಾನ್ ಮಾಡಿ ಫೋಲ್ಡರಿಗೆ ಕಳಿಸುವ ಹಳೆಯ ಜೆರಾಕ್ಸ್ ಯಂತ್ರ, ಎರಡೂ ಇಲ್ಲಿ ಸಿಕ್ಕಿಬೀಳುತ್ತವೆ. ಆ ರಕ್ಷಣೆಯನ್ನು 180 ಯಂತ್ರಗಳಲ್ಲೂ ಆಫ್ ಮಾಡಬೇಡಿ. ಮೊದಲು ಆ ಪೆಟ್ಟಿಗೆಯ ಫರ್ಮ್‌ವೇರ್ ಅಪ್‌ಡೇಟ್ ಮಾಡಿ, ಅದಕ್ಕೊಂದು ಯೂಸರ್ ಹೆಸರು ಮತ್ತು ಪಾಸ್‌ವರ್ಡ್ ಕೊಡಿ. ಇನ್ನೊಂದು, ನಂಬಲಾಗದ ಡ್ರೈವರುಗಳನ್ನು ತಡೆಯುವ ಮೆಮೊರಿ ಇಂಟೆಗ್ರಿಟಿ. ಹೊಸದಾಗಿ ಹಾಕಿದ ವಿಂಡೋಸ್ 11ರಲ್ಲಿ, ಯಂತ್ರ ಅದಕ್ಕೆ ತಕ್ಕದಾಗಿದ್ದರೆ, ಇದು ಮೊದಲೇ ಆನ್ ಆಗಿರುತ್ತದೆ ಮತ್ತು ಹಳೆಯ ಡಾಂಗಲ್ ಡ್ರೈವರುಗಳನ್ನು ಒಳಗೆ ಬಿಡುವುದಿಲ್ಲ. ಹಳೆಯದರ ಮೇಲೇ ಅಪ್‌ಗ್ರೇಡ್ ಮಾಡಿದ ಯಂತ್ರದಲ್ಲಿ ಹಿಂದಿನ ಸೆಟ್ಟಿಂಗ್ ಮುಂದುವರಿದಿರಬಹುದು. ಆದ್ದರಿಂದ ಅಪ್‌ಗ್ರೇಡ್ ಮಾಡಿದ ಯಂತ್ರದಲ್ಲಿ ಪರೀಕ್ಷಿಸಿ, ಜನರಿಗೆ ಹೊಸದಾಗಿ ಹಾಕಿದ ಯಂತ್ರ ಕೊಟ್ಟರೆ ನಿಮ್ಮ ಪರೀಕ್ಷೆಗೆ ಬೆಲೆಯಿಲ್ಲ. ಯಾವ ದಾರಿಯಲ್ಲಿ ಕೊಡುತ್ತೀರೋ ಅದೇ ದಾರಿಯಲ್ಲಿ ಪರೀಕ್ಷಿಸಿ.

ವಿಂಡೋಸ್ ಬದಲಾಯಿಸುವ ದಿನವೇ ಆಫೀಸ್ ಪ್ಯಾಕೇಜನ್ನೂ ಬದಲಾಯಿಸುವ ಆಸೆ ಯಾರಿಗಾದರೂ ಬರುತ್ತದೆ. ಬೇಡ ಎನ್ನಿ. ಈಗಿನ ಆಫೀಸ್ ಕೇಳದೆಯೇ 64 ಬಿಟ್ ಆಗಿ ಕೂರುತ್ತದೆ. ನಿಮ್ಮದು 32 ಬಿಟ್ ಆಗಿದ್ದರೆ, ವಿಂಡೋಸ್‌ನ ಒಳಗಿನ ಫಂಕ್ಷನ್‌ಗಳನ್ನು ನೇರವಾಗಿ ಕರೆಯುವ ಹಳೆಯ ಮ್ಯಾಕ್ರೋಗಳು ಅಂದೇ ನಿಲ್ಲುತ್ತವೆ. ಆಗ ದೋಷ ವಿಂಡೋಸ್‌ನದೋ ಆಫೀಸ್‌ನದೋ ಎಂದು ಬಿಡಿಸುವುದರಲ್ಲೇ ವಾರ ಕಳೆಯುತ್ತದೆ.

ಇಷ್ಟೆಲ್ಲ ಮಾಡಿಯೂ ಯಾವುದೋ ಪ್ರೋಗ್ರಾಂ ಹಟ ಹಿಡಿದರೆ "ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ, ಸರಿಹೋಗುತ್ತದೆ" ಎಂಬ ಸಲಹೆ ಮೊದಲು ಬರುತ್ತದೆ. ಸರಿಹೋಗುವುದೂ ಉಂಟು. ಆದರೆ ಅದಕ್ಕಾಗಿ ಬಳಕೆದಾರರಿಗೆಲ್ಲ ಅಡ್ಮಿನ್ ಅಧಿಕಾರ ಕೊಟ್ಟರೆ, ಸುರಕ್ಷತೆಗೆಂದು ಹೊಸ ವಿಂಡೋಸ್ ತಂದು ಮುಂಬಾಗಿಲು ತೆರೆದಿಟ್ಟ ಹಾಗೆ. ಅದರ ಬದಲು ಪ್ರೋಸೆಸ್ ಮಾನಿಟರ್ ಎಂಬ ಉಚಿತ ಸಾಧನ ಹಾಕಿ, ಅದು ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಸಂಗ್ರಹದಲ್ಲಿದೆ. ಪ್ರೋಗ್ರಾಂನ ಹೆಸರಿಗೆ ಫಿಲ್ಟರ್ ಇಡಿ, ಫಲಿತಾಂಶದ ಅಂಕಣದಲ್ಲಿ 'ಆ್ಯಕ್ಸೆಸ್ ಡಿನೈಡ್' ಎಂದಿರುವುದನ್ನು ಮಾತ್ರ ಉಳಿಸಿಕೊಳ್ಳಿ. ಕೈಕೊಡುವ ಬಟನ್ ಒತ್ತಿ. ಸಾವಿರಾರು ಸಾಲುಗಳ ನಡುವಿನಿಂದ ಎರಡೋ ಮೂರೋ ಸಾಲು ಉಳಿಯುತ್ತವೆ. ಪ್ರೋಗ್ರಾಂ ಯಾವ ಫೋಲ್ಡರಿಗೆ, ಯಾವ ರಿಜಿಸ್ಟ್ರಿ ಕೀಗೆ ಬರೆಯಲು ಹೋಗಿ ಪೆಟ್ಟು ತಿಂದಿತು ಎಂಬುದು ಅಲ್ಲೇ ಇರುತ್ತದೆ. ಆ ಒಂದು ಫೋಲ್ಡರಿಗೆ ಮಾತ್ರ ಬರೆಯುವ ಅನುಮತಿ ಕೊಟ್ಟರೆ ಎಷ್ಟೋ ಸಲ ಕೆಲಸ ಮುಗಿಯುತ್ತದೆ. ಅದಕ್ಕೂ ಬಗ್ಗದಿದ್ದರೆ ಕಂಪ್ಯಾಟಿಬಿಲಿಟಿ ಅಡ್ಮಿನಿಸ್ಟ್ರೇಟರ್ ಇದೆ, ಇದು ವಿಂಡೋಸ್ ಎಡಿಕೆ ಎಂಬ ಉಚಿತ ಪ್ಯಾಕೇಜಿನಲ್ಲಿ ಬರುತ್ತದೆ. ಅದರಿಂದ ಆ ಒಂದು ಪ್ರೋಗ್ರಾಂಗಷ್ಟೇ ಅನ್ವಯಿಸುವ 'ಶಿಮ್' ಮಾಡಬಹುದು. ಪ್ರೋಗ್ರಾಂ "ಇದು ಎಕ್ಸ್‌ಪಿಯೇ?" ಎಂದು ಕೇಳಿದರೆ ಹೌದು ಎನ್ನುವುದು, ತಪ್ಪು ಜಾಗಕ್ಕೆ ಬರೆಯಲು ಹೋದರೆ ಸರಿಯಾದ ಜಾಗಕ್ಕೆ ತಿರುಗಿಸುವುದು, ಇವೆಲ್ಲ ಶಿಮ್‌ನ ಕೆಲಸ. ಡ್ರೈವರುಗಳಿಗೆ ಮಾತ್ರ ಇದು ನಾಟುವುದಿಲ್ಲ. ನಿಮ್ಮಲ್ಲಿ ಅರ್ಹ ಲೈಸೆನ್ಸ್‌ಗಳು 150 ದಾಟಿದ್ದರೆ, ಮೊದಲು ಹೇಳಿದ ಆ್ಯಪ್ ಅಶೂರ್‌ನವರನ್ನು ಕೇಳಲು ಹಿಂಜರಿಯಬೇಡಿ, ಅದಕ್ಕೆ ಬೇರೆ ಹಣ ಕೊಡಬೇಕಿಲ್ಲ.

ಯಾವುದಕ್ಕೂ ಬಗ್ಗದೆ ಉಳಿಯುವವು ಒಂದೆರಡು ಇರುತ್ತವೆ. 16 ಬಿಟ್ ಪ್ರೋಗ್ರಾಂ ಇದ್ದರೆ ಅದು ಅಂಥದ್ದು. ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ, 64 ಬಿಟ್ ವಿಂಡೋಸ್ 16 ಬಿಟ್ ಪ್ರೋಗ್ರಾಂಗಳನ್ನು ಓಡಿಸುವುದಿಲ್ಲ. ಇಂಥವನ್ನು ಹೈಪರ್-ವಿ ಎಂಬ ವಿಂಡೋಸ್ ಸೌಲಭ್ಯದ ವರ್ಚುವಲ್ ಯಂತ್ರದೊಳಗೆ (ಯಂತ್ರದೊಳಗೆ ಸಾಫ್ಟ್‌ವೇರಿನಿಂದ ಮಾಡಿದ ಇನ್ನೊಂದು ಯಂತ್ರ) ಹಳೆಯ ವಿಂಡೋಸ್ ಹಾಕಿ ಕೂರಿಸಬಹುದು. ಆದರೆ ಆ ಹಳೆಯ ವಿಂಡೋಸ್ ವರ್ಚುವಲ್ ಯಂತ್ರದಲ್ಲಿದೆ ಎಂದಮಾತ್ರಕ್ಕೆ ಸುರಕ್ಷಿತವಾಗುವುದಿಲ್ಲ, ಅದಕ್ಕೆ ಇಂಟರ್ನೆಟ್ ಕೊಡಬೇಡಿ, ಬೇಕಾದ ಒಂದು ಸರ್ವರಿಗಷ್ಟೇ ದಾರಿ ಬಿಡಿ. ವಿಂಡೋಸ್ 10ರಲ್ಲೇ ಇನ್ನಷ್ಟು ದಿನ ಇರಲೇಬೇಕಾದ ಯಂತ್ರಗಳಿದ್ದರೆ, 2025ರ ಅಕ್ಟೋಬರ್ 14ಕ್ಕೆ ಮುಗಿದ ಬೆಂಬಲವನ್ನು ಸಂಸ್ಥೆಗಳು ಇಎಸ್‌ಯು (ವಿಸ್ತರಿತ ಭದ್ರತಾ ಅಪ್‌ಡೇಟ್) ಯೋಜನೆಯಲ್ಲಿ ಹಣ ಕೊಟ್ಟು ಮೂರು ವರ್ಷದವರೆಗೆ ಭದ್ರತಾ ಅಪ್‌ಡೇಟ್‌ಗಳ ಮಟ್ಟಿಗೆ ಮುಂದುವರಿಸಿಕೊಳ್ಳಬಹುದು. ದರ ಪ್ರತಿ ವರ್ಷ ದುಪ್ಪಟ್ಟಾಗುತ್ತದೆ, ಎರಡನೇ ವರ್ಷ ಸೇರಿದರೂ ಮೊದಲ ವರ್ಷದ ಹಣ ಕಟ್ಟಲೇಬೇಕು. ಐದಾರು ಯಂತ್ರಗಳಿಗೆ ಇದು ಒಳ್ಳೆಯ ಆಸರೆ. 180ಕ್ಕೂ ಇದೇ ದಾರಿ ಹಿಡಿದರೆ ಸಮಸ್ಯೆ ದುಬಾರಿಯಾಗಿ ಮುಂದಕ್ಕೆ ಹೋಯಿತು, ಅಷ್ಟೇ.

ಯಂತ್ರಗಳ ವಿಷಯವನ್ನು ನೀವು ಕೇಳಿಲ್ಲ, ಚುಟುಕಾಗಿ ಹೇಳುತ್ತೇನೆ. ಟಿಪಿಎಂ 2.0 ಎಂಬ ಭದ್ರತಾ ಚಿಪ್, ಸೆಕ್ಯೂರ್ ಬೂಟ್, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನಿಂದೀಚೆಯ ಪ್ರೊಸೆಸರ್ ಬೇಕು. ಟಿಪಿಎಂ ಇಲ್ಲ ಎಂದು ತೋರಿಸುವ ಎಷ್ಟೋ ಯಂತ್ರಗಳಲ್ಲಿ ಅದು ಬಯೋಸ್‌ನಲ್ಲಿ ಆಫ್ ಆಗಿರುತ್ತದೆ, ನೋಡಿ. ನಿಜಕ್ಕೂ ಇಲ್ಲದ ಯಂತ್ರಕ್ಕೆ ರಿಜಿಸ್ಟ್ರಿ ತಿದ್ದಿ ವಿಂಡೋಸ್ 11 ಹಾಕುವ ಉಪಾಯವನ್ನು ಸಂಸ್ಥೆಯಲ್ಲಿ ಮಾಡಬೇಡಿ. ಅಂಥ ಯಂತ್ರಕ್ಕೆ ಮುಂದೆ ಅಪ್‌ಡೇಟ್ ಬರುತ್ತದೆ ಎಂಬ ಖಾತರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ.

ಇನ್ನು ಆ ಶನಿವಾರ-ಭಾನುವಾರದ ಮಾತು. ಮೇಲಿನವರಿಗೆ ಬರೀ "ಆಗುವುದಿಲ್ಲ" ಎಂದರೆ ವಾದ ಬೆಳೆಯುತ್ತದೆ. ಕೆಲಸಗಳ ಪಟ್ಟಿಯನ್ನೇ ಮುಂದಿಟ್ಟು, "ಇದರಲ್ಲಿ ಸೋಮವಾರ ಬೆಳಿಗ್ಗೆ ಯಾವುದು ನಿಂತರೆ ಪರವಾಗಿಲ್ಲ?" ಎಂದು ಕೇಳಿ. ನನ್ನ ಲೆಕ್ಕದಲ್ಲಿ ನಿಮ್ಮ ಗಾತ್ರದ ಸಂಸ್ಥೆಗೆ ಪಟ್ಟಿಗೆ ಎರಡು ಮೂರು ವಾರ, ಪರೀಕ್ಷೆಗೆ ಮೂರು ವಾರ, ಆಮೇಲೆ ಹತ್ತು ಹನ್ನೆರಡು ಜನರ ಯಂತ್ರಗಳಲ್ಲಿ ಒಂದು ಪೂರ್ತಿ ತಿಂಗಳ ಪ್ರಯೋಗ ಬೇಕು. ಆ ತಿಂಗಳಲ್ಲಿ ತಿಂಗಳ ಕೊನೆಯ ಲೆಕ್ಕ ಮುಗಿಸುವ ದಿನ ಸೇರಿರಲೇಬೇಕು. ಈ ಹತ್ತು ಜನರಲ್ಲಿ ಐಟಿಯವರನ್ನು ಸೇರಿಸಬೇಡಿ, ನಾವು ತೊಡಕು ಬಂದರೆ ದಾಟಿಕೊಂಡು ಹೋಗಿಬಿಡುತ್ತೇವೆ. ಪ್ರತಿ ವಿಭಾಗದಿಂದ ಒಬ್ಬರಿರಲಿ, ಸಣ್ಣದಕ್ಕೂ ಫೋನ್ ಮಾಡಿ ದೂರುವವರು ಇದ್ದರೆ ಅವರೇ ಮೊದಲು ಬೇಕು. ಪ್ರಯೋಗ ಮುಗಿದಮೇಲೆ ರಾತ್ರಿಗೆ ಹದಿನೈದು ಇಪ್ಪತ್ತು ಯಂತ್ರಗಳಂತೆ ಹೋದರೆ ಎರಡು ವಾರದ ಕೆಲಸ. ಒಂದೇ ವಿಭಾಗದ ಎಲ್ಲ ಯಂತ್ರಗಳನ್ನು ಒಂದೇ ರಾತ್ರಿ ಮುಟ್ಟಬೇಡಿ. ಲೆಕ್ಕಪತ್ರ ವಿಭಾಗದಲ್ಲಿ ಕೊನೆಯವರೆಗೆ ಒಂದಾದರೂ ಹಳೆಯ ಯಂತ್ರ ಹಾಗೇ ಇರಲಿ.

ಹಿಂದಕ್ಕೆ ಹೋಗುವ ದಾರಿಯನ್ನೂ ಮೊದಲೇ ನೋಡಿಕೊಳ್ಳಿ. ಅಪ್‌ಗ್ರೇಡ್ ಆದಮೇಲೆ ವಿಂಡೋಸ್ 10ಕ್ಕೆ ಮರಳಲು ಸಿಗುವುದು 10 ದಿನ. ಆ ಹತ್ತು ದಿನ ಮುಗಿಯುವ ಮೊದಲೇ ವಿಂಡೋಸ್‌ನ ಡಿಸ್ಮ್ (DISM) ಆಜ್ಞೆಯಿಂದ ಅದನ್ನು 60 ದಿನದವರೆಗೆ ಹೆಚ್ಚಿಸಬಹುದು. ಆದರೆ ಇದು ವಿಂಡೋಸನ್ನಷ್ಟೇ ಹಿಂದಕ್ಕೆ ತರುತ್ತದೆ. ಈ ನಡುವೆ ಯಾವುದಾದರೂ ಸಾಫ್ಟ್‌ವೇರಿನ ಹೊಸ ಆವೃತ್ತಿ ತನ್ನ ಡೇಟಾಬೇಸಿನ ರಚನೆಯನ್ನೇ ಬದಲಾಯಿಸಿದ್ದರೆ ಹಳೆಯ ಆವೃತ್ತಿ ಅದನ್ನು ಓದಲಾರದು. ಆದ್ದರಿಂದ ಮುಖ್ಯ ಯಂತ್ರಗಳ ಪೂರ್ತಿ ಡಿಸ್ಕ್ ಇಮೇಜ್ ತೆಗೆದಿಡಿ, ಮತ್ತು ಆ ಇಮೇಜಿನಿಂದ ಒಂದು ಯಂತ್ರವನ್ನಾದರೂ ನಿಜವಾಗಿ ಎಬ್ಬಿಸಿ ನೋಡಿ. ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುವ ಬಿಟ್‌ಲಾಕರ್ ಇದ್ದರೆ ರಿಕವರಿ ಕೀ ಯಾರ ಬಳಿ ಇದೆ ಎಂಬುದನ್ನು ಮೊದಲ ಯಂತ್ರ ಮುಟ್ಟುವ ಮುಂಚೆ ತಿಳಿದಿರಬೇಕು.

ನಾಳೆ ಕಚೇರಿಗೆ ಹೋದ ಕೂಡಲೇ ಎಲ್ಲಿಂದ ಶುರುಮಾಡಲಿ ಎಂದರೆ, ಲೆಕ್ಕಪತ್ರ ವಿಭಾಗದಲ್ಲಿ ಆ ಹಳೆಯ ಪ್ರೋಗ್ರಾಂ ಬಳಸುವ ಪ್ರತಿಯೊಬ್ಬರ ಯಂತ್ರದಲ್ಲೂ, ಅವರದೇ ಲಾಗಿನ್‌ನಲ್ಲಿ, ವರ್ಚುವಲ್‌ಸ್ಟೋರ್ ಫೋಲ್ಡರ್ ತೆರೆದು ನೋಡಿ. ಒಳಗೆ ಆ ಪ್ರೋಗ್ರಾಂನ ಹೆಸರಿನ ಫೋಲ್ಡರ್ ಇದ್ದು, ಅದರ ಫೈಲ್‌ಗಳ ಮೇಲೆ ಇಂದಿನದೋ ನಿನ್ನೆಯದೋ ತಾರೀಖು ಇದ್ದರೆ, ನಿಮ್ಮ ಸಂಸ್ಥೆಯ ಲೆಕ್ಕ ಇರುವುದು ಅಲ್ಲೇ. ನೀವು ಈಗ ತೆಗೆಯುತ್ತಿರುವ ಬ್ಯಾಕಪ್‌ನಲ್ಲಿ ಆ ಫೋಲ್ಡರ್ ಸೇರಿದೆಯೇ ಎಂದು ಅಲ್ಲಿಯೇ ನಿಂತು ಪರೀಕ್ಷಿಸಿ. ಇಲ್ಲದಿದ್ದರೆ ಮೊದಲು ಅದನ್ನು ಸೇರಿಸಿ. ಪಟ್ಟಿ, ಪರೀಕ್ಷೆ, ವಿಂಡೋಸ್ 11 ಎಲ್ಲವೂ ಅದಾದಮೇಲೆ.